ಕೊಟ್ಟೆವು, ಕೇಳಲಿಲ್ಲ

ನಿವೃತ್ತಿಯಾದ ಮೇಲೆ ಸಮಾಜಕಾರ್ಯ ಓದುವ ಹುಡುಗರು, ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕೆಲವರು ಕಂಪನಿಗಳ ಸಿ.ಎಸ್.ಆರ್. ವಿಭಾಗಕ್ಕೆ ಸೇರಲಿರುವವರು; ಕೆಲವರು ಶಾಲೆ, ಸಂಘ, ಕ್ರೀಡಾಮಂಡಳಿಗಳ ಪರವಾಗಿ ಅದೇ ಕಂಪನಿಗಳ ಬಾಗಿಲಲ್ಲಿ ನಿಲ್ಲಬೇಕಾದವರು. ಎರಡೂ ಕಡೆಯವರು ಕೇಳುವುದು ಒಂದೇ. ಪ್ರಾಯೋಜಕರಿಗೂ ಸಹಾಯ ಕೇಳಿ ಬಂದವರಿಗೂ ಸಂಬಂಧ ಚೆನ್ನಾಗಿರಬೇಕಾದರೆ ಏನು ಮಾಡಬೇಕು ಮೇಡಂ? ಅರ್ಜಿ ಹೇಗೆ ಬರೆಯಬೇಕು, ವೇದಿಕೆಯ ಮೇಲೆ ಯಾರ ಹೆಸರು ಮೊದಲು ಹೇಳಬೇಕು ಎನ್ನುವುದೆಲ್ಲ ಅವರಿಗೆ ಈಗಾಗಲೇ ಗೊತ್ತಿರುತ್ತದೆ. ಅದಕ್ಕಿಂತ ಹೆಚ್ಚಿನ ಜಾಣತನ ನನ್ನ ಹತ್ತಿರ ಇಲ್ಲ. ಕಂಪನಿಯ ಪರವಾಗಿ ಕೊಡುವವರ ಕುರ್ಚಿಯಲ್ಲಿ ಕೂತಷ್ಟು ವರ್ಷ ನಾನು ಹೌಹಾರಿದ್ದೇ ಹೆಚ್ಚು. ಹಾಗೆ ಹೌಹಾರಿದ ಕೆಲವು ಸಂಗತಿಗಳನ್ನು ಬರೆದಿಡುತ್ತೇನೆ. ನನ್ನ ಬಡ್ತಿ, ಬೆಳ್ಳಿ ಫಲಕಗಳ ವಿಷಯ ಇಲ್ಲಿ ಬೇಡ.

ನಾನು ಬೆಳಗಾವಿಯ ಒಂದು ಎರಕದ ಕಾರ್ಖಾನೆಗೆ ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು. ಫೋನುಗಳು ತಾವೇ ಒಂದಕ್ಕೊಂದು ಜೋಡಿಸಿಕೊಳ್ಳುವ ಕಾಲ ಬಂದಾಗ ನನಗೆ ಕೆಲಸವಿಲ್ಲದಂತಾಯಿತು. ಜನರ ಜೊತೆ ಮಾತಾಡಿ ರೂಢಿ ಇದೆಯೆಂದು ನನ್ನನ್ನು ಜನಸಂಪರ್ಕ ವಿಭಾಗಕ್ಕೆ ಕಳಿಸಿದರು. ವಿಭಾಗ ಎಂದರೆ ಹೊಸಮನಿ ಸಾಹೇಬರು ಮತ್ತು ಅವರ ಟೇಬಲ್ಲು, ಅಷ್ಟೇ. ಕಂಪನಿಯ ಹೆಸರಿನಲ್ಲಿ ಯಾರಿಗೆ ಏನು ಕೊಡಬೇಕೆಂಬುದು ಅವರ ಬಾಯಿಂದ ಬರಬೇಕು.

ಮೊದಲ ದಿನವೇ ಇಬ್ಬರು ಬಂದಿದ್ದರು. ಒಬ್ಬರು ಹಳ್ಳಿಯ ನಿವೃತ್ತ ಮಾಸ್ತರರು. ಊರಿನ ವಾಚನಾಲಯಕ್ಕೆ ಮಕ್ಕಳ ಪುಸ್ತಕ ಬೇಕೆಂದರು. ಸಾಹೇಬರು ಅವರನ್ನು ಕೂರಿಸಿ ಚಹ ಕೊಡಿಸಿ, ನಿಮ್ಮನ್ನು ಯಾರು ಕಳಿಸಿದರೆಂದು ವಿಚಾರಿಸಿದರು. ಯಾರೂ ಇಲ್ಲ, ನಾನೇ ಬಂದೆ ಎಂದರು ಮಾಸ್ತರರು. ಅವರ ಕೆಲಸ ಅಲ್ಲಿಗೇ ಮುಗಿಯಿತು. ಆಮೇಲೆ ಗಣೇಶ ಮಂಡಳಿಯವನೊಬ್ಬ ಬಂದ. ಅವನು ಕೂಡುವ ಮೊದಲೇ ಅವನ ಕೆಲಸವಾಗಿತ್ತು, ಏಕೆಂದರೆ ಬೆಳಗ್ಗೆಯೇ ಒಬ್ಬ ಪುಢಾರಿಯ ಫೋನು ಬಂದಿತ್ತು. ಮಾಸ್ತರರು ಮೆಟ್ಟಿಲಿಳಿದು ಹೋಗುವುದನ್ನು ನಾನು ಕಣ್ಣರಳಿಸಿ ನೋಡುತ್ತಿದ್ದೆ. ಸಾಹೇಬರಿಗೆ ನನ್ನ ಮುಖದಿಂದಲೇ ತಿಳಿಯಿತು.

"ನೋಡವಾ ಸರೋಜಾ," ಎಂದರು, "ನಾವು ಕೊಡೂದು ಅವರ ಸಲುವಾಗಿ ಅಂತ ತಿಳಕೊಂಡಿಯೇನು? ನಮ್ಮ ಸಲುವಾಗಿ ಕೊಡತೀವಿ. ಇದೊಂದು ತಿಳದ್ರ ಮುಂದ ತ್ರಾಸ ಆಗೂದಿಲ್ಲ."

ಹೊಸಮನಿ ಸಾಹೇಬರು ಕೆಟ್ಟವರಾಗಿರಲಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಪಂಕ್ತಿಗೆ ಬಡಿಸಲು ನಿಂತವರು ಅವರು. ಕೊಟ್ಟದ್ದಕ್ಕೆ ಪ್ರತಿಯಾಗಿ ಕಂಪನಿಯ ಹೆಸರು ಹತ್ತು ಜನರ ಕಣ್ಣಿಗೆ ಬೀಳಬೇಕು ಎನ್ನುವುದನ್ನು ಅವರು ಧರ್ಮದಂತೆ ನಂಬಿದ್ದರು.

ಕಾಕತಿಯ ಕಡೆಯ ಒಂದು ಊರಿನ ಕುಸ್ತಿಗೆ ನಾವು ದೊಡ್ಡ ಬ್ಯಾನರ್ ಮಾಡಿಸಿ ಕೊಟ್ಟಿದ್ದೆವು. ಬ್ಯಾನರ್ ಎಲ್ಲಿ ಕಟ್ಟಿದ್ದಾರೆ ನೋಡಿ ಬಾ ಎಂದು ನನ್ನನ್ನು ಕಳಿಸಿದರು. ನಾನು ಮುಟ್ಟುವಷ್ಟರಲ್ಲಿ ಮಳೆ ಬಂದು ನಿಂತಿತ್ತು. ಎಲ್ಲಿ ನೋಡಿದರೂ ನಮ್ಮ ಹೆಸರಿಲ್ಲ. ಕಡೆಗೆ ಕಣ್ಣಿಗೆ ಬಿದ್ದದ್ದು ಅಖಾಡದ ಮಣ್ಣಿನ ಮೇಲೆ. ಕಂಪನಿಯ ಹೆಸರು ಮೇಲ್ಮುಖವಾಗಿ ಅಂಗಾತ ಬಿದ್ದಿತ್ತು, ಅದರ ಮೇಲೆ ನೀರು ನಿಂತಿತ್ತು, ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು. ಊರಿನಲ್ಲಿ ಕುಸ್ತಿ ಕಲಿಸುವ ಉಸ್ತಾದರು ಖುಷಿಯಿಂದ ಬಂದು ಕೈಮುಗಿದರು. ನಿಮ್ಮ ಬ್ಯಾನರ್ ಇರದಿದ್ದರೆ ಅಖಾಡವೆಲ್ಲ ಕೆಸರಾಗಿ ಕುಸ್ತಿಯೇ ಆಗುತ್ತಿರಲಿಲ್ಲ, ದೇವರು ಕೊಟ್ಟಂತೆ ಕೊಟ್ಟಿರಿ ಎಂದರು. ಆ ಮನುಷ್ಯನ ಮಾತಿನಲ್ಲಿ ಒಂದು ಚೂರೂ ಕಪಟವಿರಲಿಲ್ಲ. ಬ್ಯಾನರನ್ನು ಓದುವುದಕ್ಕೆಂದು ಕೊಟ್ಟಿದ್ದಾರೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ವಿಷಯ ಕೇಳಿ ಹೊಸಮನಿ ಸಾಹೇಬರು ಎರಡು ದಿನ ಊಟ ಸೇರದವರಂತೆ ಇದ್ದರು. ಮರುವರ್ಷ ಆ ಊರಿಗೆ ಏನೂ ಹೋಗಲಿಲ್ಲ. ಏಕೆ ಹೋಗಲಿಲ್ಲವೆಂದು ಯಾರೂ ಅವರಿಗೆ ಹೇಳಲೂ ಇಲ್ಲ. ಉಸ್ತಾದರು ಎರಡು ಸಲ ಬಂದು ಕಾಯ್ದು ಹೋದರು. ಕೊಟ್ಟವರು, ತೆಗೆದುಕೊಂಡವರು ಒಂದೇ ವಸ್ತುವನ್ನು ನೋಡುತ್ತಾ ಬೇರೆ ಬೇರೆಯದನ್ನು ಕಾಣುತ್ತಾರೆ, ಅದನ್ನು ಒಬ್ಬರಿಗೊಬ್ಬರು ಹೇಳುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಅಲ್ಲಿ. ಅದರಿಂದ ಎಂಥ ಅನಾಹುತ ಆಗಬಹುದು ಎಂಬುದು ಗೊತ್ತಾದದ್ದು ಖಾನಾಪುರದಲ್ಲಿ.

ಖಾನಾಪುರದಲ್ಲಿ ಕಿವಿ ಕೇಳಿಸದ ಮಕ್ಕಳ ಒಂದು ಸಣ್ಣ ವಸತಿ ಶಾಲೆ ಇತ್ತು. ಬಾಡಿಗೆಯ ಹೆಂಚಿನ ಮನೆ, ಹಿಂದೆ ಬಾವಿ, ಮುಂದೆ ಒಂದು ಹುಣಸೆಮರ. ಅದರ ಮುಖ್ಯಾಧ್ಯಾಪಕಿ ಕುಸುಮಾ ಗುರವ. ಮನೆಮಾತು ಮರಾಠಿ, ನಮ್ಮ ಜೊತೆ ಅಚ್ಚ ಖಾನಾಪುರದ ಕನ್ನಡ. ಶಿಕ್ಷಕಿಯರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಬಸ್ಸಿನಲ್ಲಿ ನಿಂತೇ ಬಂದು, ಬೆವರೊರೆಸಿಕೊಂಡು, ಮಕ್ಕಳಿಗೆ ಶ್ರವಣಯಂತ್ರ ಬೇಕೆಂದು ಕೇಳಿದರು. ಅದರ ಜೊತೆ ಇನ್ನೂ ಮೂರು ಬೇಡಿಕೆ ಇಟ್ಟಿದ್ದರು. ಯಂತ್ರಕ್ಕೆ ಬ್ಯಾಟರಿ ನಿರಂತರವಾಗಿ ಬೇಕು. ಕಿವಿಯೊಳಗೆ ಕೂಡುವ ಅಚ್ಚನ್ನು ಮಕ್ಕಳು ಬೆಳೆದಂತೆ ಹೊಸದಾಗಿ ಮಾಡಿಸಬೇಕು. ಕೇಳಿದ್ದನ್ನು ಮಾತಾಗಿಸಲು ಕಲಿಸುವ ಒಬ್ಬ ಶಿಕ್ಷಕಿ ಬೇಕು.

ಸಾಹೇಬರು ಮೊದಲನೆಯದನ್ನು ಒಪ್ಪಿಕೊಂಡು ಉಳಿದ ಮೂರನ್ನೂ ಬಿಟ್ಟರು. ಬ್ಯಾಟರಿ ಇಲ್ಲದೆ ಹೇಗೆ ಸರ್ ಎಂದು ನಾನು ಕೇಳಿದೆ. ಮೊದಲ ಕೆಲವು ತಿಂಗಳಿಗೆ ಡಬ್ಬಿಯಲ್ಲೇ ಬರುತ್ತದೆ, ಮುಂದಿನದು ಅವರು ನೋಡಿಕೊಳ್ಳುತ್ತಾರೆ ಎಂದರು. "ಮಷೀನ್ ಫೋಟೋದಾಗ ಕಾಣತೈತಿ ಸರೋಜಾ. ಬ್ಯಾಟರಿ ಕಾಣೂದಿಲ್ಲ."

ಹಂಚುವ ಕಾರ್ಯಕ್ರಮಕ್ಕೆ ಕಂಪನಿಯ ಸ್ಥಾಪಕರೇ ಬರುವವರಿದ್ದರು. ನಾವು ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಒಂದೇ ಒಂದು ಕುಲುಮೆಯಿಂದ ಕಾರ್ಖಾನೆ ಕಟ್ಟಿದ ಮನುಷ್ಯ, ಮಾತು ಕಡಿಮೆ. ಹಿಂದಿನ ದಿನ ಬಾಯಾರು ನನಗೆ ಫೋನ್ ಮಾಡಿ ಒಂದೇ ವಿನಂತಿ ಮಾಡಿದರು: ದಯವಿಟ್ಟು ಬ್ಯಾಂಡ್, ಪಟಾಕಿ ಏನೂ ಬೇಡ. ಮಕ್ಕಳು ಮೊದಲ ಸಲ ಶಬ್ದ ಕೇಳುತ್ತಾರೆ, ಮೆಲ್ಲಗೆ ಪರಿಚಯಿಸಬೇಕು. ನಾನು ಆ ಕ್ಷಣವೇ ಹೋಗಿ ಹೇಳಿದೆ. ಹೊಸಮನಿ ಸಾಹೇಬರು ನಕ್ಕರು. ದೊಡ್ಡ ಸಾಹೇಬರು ಬರುವಾಗ ಬ್ಯಾಂಡ್ ಇಲ್ಲವೆಂದರೆ ಶೋಭೆಯೇ? ಅದೂ ಅಲ್ಲದೆ ಕಿವುಡ ಮಕ್ಕಳಿಗೆ ಬ್ಯಾಂಡಿನಿಂದ ಏನು ತ್ರಾಸ ಎಂದರು.

ಮರುದಿನ ಹುಣಸೆಮರದ ಕೆಳಗೆ ಶಾಮಿಯಾನದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ತಜ್ಞರು ಒಬ್ಬೊಬ್ಬರ ಕಿವಿಗೂ ಯಂತ್ರ ಹಾಕಿ, ಚಾಲೂ ಮಾಡಿ ಮುಂದೆ ಹೋಗುತ್ತಿದ್ದರು. ದೊಡ್ಡ ಸಾಹೇಬರ ಕಾರು ತಿರುವಿನಲ್ಲಿ ಕಂಡದ್ದೇ ತಡ, ಶಾಮಿಯಾನದ ಬಾಜುವೇ ನಿಂತಿದ್ದ ಬ್ಯಾಂಡಿನವರು ಡೋಲಿಗೆ ಕೋಲು ಹಾಕಿದರು, ಕಹಳೆ ಊದಿದರು.

ಅಂಥ ಅಳುವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಹುಟ್ಟಿದಾಗಿನಿಂದ ಮೌನದಲ್ಲಿದ್ದ ಮಕ್ಕಳ ಕಿವಿಯೊಳಗೇ ಗುಡುಗು ಬಿದ್ದಂತಾಗಿತ್ತು. ಕೆಲವರು ಯಂತ್ರವನ್ನು ಕಿತ್ತು ಎಸೆದರು. ಒಬ್ಬ ಹುಡುಗ ಉಚ್ಚೆ ಹೊಯ್ದುಕೊಂಡ. ಕಾಡಂಚಿನ ಗೌಳಿವಾಡದಿಂದ ಬಂದ ಭಾಗೂ ಎಂಬ ಆರೇಳು ವರ್ಷದ ಹುಡುಗಿ ಹಾರತುರಾಯಿ ಇಟ್ಟಿದ್ದ ಟೇಬಲ್ಲಿನ ಕೆಳಗೆ ನುಗ್ಗಿ, ನೆಲಕ್ಕೆ ಹಣೆ ಒತ್ತಿಕೊಂಡು ಬಿಟ್ಟಳು. ಬಾಯಾರು ಬ್ಯಾಂಡಿನವರ ಕಡೆ ಓಡಿದರು. ಮಕ್ಕಳು ಏಕೆ ಅಳುತ್ತಿದ್ದಾರೆಂದು ದೊಡ್ಡ ಸಾಹೇಬರು ಕೇಳಿದಾಗ, ಸಂತೋಷ ತಡೆಯಲಾಗುತ್ತಿಲ್ಲ ಸರ್ ಎಂದು ಹೊಸಮನಿ ಸಾಹೇಬರು ಉತ್ತರಿಸಿದರು. ಕಂಪನಿಯ ಪತ್ರಿಕೆಯಲ್ಲಿ ಆ ತಿಂಗಳು ಅಳುವ ಮಕ್ಕಳ ಫೋಟೋ ಬಂತು. ಕೆಳಗೆ 'ಮೊದಲ ಬಾರಿ ಶಬ್ದ ಕೇಳಿದ ಮಕ್ಕಳ ಆನಂದಬಾಷ್ಪ' ಎಂದು ಅಚ್ಚಾಗಿತ್ತು. ಅದನ್ನು ಓದಿ ನಾನು ಪತ್ರಿಕೆ ಮುಚ್ಚಿಟ್ಟೆ.

ಕಾರ್ಯಕ್ರಮದ ದಿನ ಎಲ್ಲರೂ ಹೋದ ಮೇಲೆ ನಾನು ಸಾಮಾನು ಸಾಗಿಸಲು ಉಳಿದಿದ್ದೆ. ಬಾಯಾರು ಭಾಗೂವನ್ನು ಹಿಂದಿನ ಬಾವಿಯ ಹತ್ತಿರ ತೊಡೆಯ ಮೇಲೆ ಕೂರಿಸಿಕೊಂಡು, ಯಂತ್ರದ ದನಿ ಸಣ್ಣದು ಮಾಡಿ, ಸ್ಟೀಲ್ ಲೋಟಕ್ಕೆ ಚಮಚದಿಂದ ಮೆಲ್ಲಗೆ ತಟ್ಟಿದರು. ಹುಡುಗಿಯ ಕಣ್ಣು ಲೋಟದ ಕಡೆ ಹೊರಳಿತು. ಇನ್ನೊಮ್ಮೆ ತಟ್ಟಿದರು. ಅವಳು ತಾನೇ ಚಮಚ ಇಸಿದುಕೊಂಡು ತಟ್ಟಿದಳು. ಮುಖದಲ್ಲಿ ಅಳುವಿನ ಗೆರೆ ಇನ್ನೂ ಆರಿರಲಿಲ್ಲ, ನಗುತ್ತಿದ್ದಳು. ಈ ಹುಡುಗಿಗೆ ಕೇಳಿಸುತ್ತದೆ ಎಂಬುದು ನಾನು ಕಣ್ಣಾರೆ ಕಂಡದ್ದು. ಮುಂದಿನದನ್ನು ಓದುವವರು ಇದನ್ನು ನೆನಪಿಡಬೇಕು.

ಹೊಸಮನಿ ಸಾಹೇಬರು ನಿವೃತ್ತರಾದರು. ಅಷ್ಟರಲ್ಲಿ ಕಾನೂನು ಬದಲಾಗಿ ಕಂಪನಿಗಳು ಸಮಾಜಕ್ಕೆಂದು ಖರ್ಚು ಮಾಡುವುದು ಕಡ್ಡಾಯವಾಯಿತು. ಶಿಫಾರಸಿನ ಫೋನು ಕಡಿಮೆಯಾಯಿತು. ಅದರ ಬದಲಿಗೆ ಕಂಪ್ಯೂಟರಿನಲ್ಲಿ ತುಂಬುವ ಪ್ರಶ್ನೆಗಳು ಬಂದವು. ಹುಬ್ಬಳ್ಳಿಯ ವಿನಾಯಕ ಎಂಬ ತರುಣ ವಿಭಾಗದ ಮುಖ್ಯಸ್ಥರಾಗಿ ಬಂದರು. ಪ್ರಾಮಾಣಿಕ ಮನುಷ್ಯ, ಯಾರ ಹಂಗಿಗೂ ಬೀಳುತ್ತಿರಲಿಲ್ಲ. ಎಲ್ಲವನ್ನೂ ಅಂಕಿಯಲ್ಲಿ ಕೇಳುತ್ತಿದ್ದರು. ಯಾವ ಸಂಸ್ಥೆಯ ಅಂಕಿ ಇಳಿದಿದೆಯೋ ಅದು ಮರುವರ್ಷದ ಪಟ್ಟಿಯಿಂದ ಇಳಿಯುತ್ತಿತ್ತು. ಒಂದು ಹೊಲಿಗೆ ತರಬೇತಿ ಕೇಂದ್ರದವರು, ನಮ್ಮಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ನಡುವೆಯೇ ಬಿಟ್ಟು ಹೋದರು, ಕಾರಣ ಹೀಗಿದೆ ಎಂದು ಇದ್ದದ್ದು ಇದ್ದಂತೆ ಬರೆದು ಕಳಿಸಿದರು. ಅವರಿಗೆ ಕೊಡುವುದು ನಿಂತಿತು. ಈ ಸುದ್ದಿ ಉಳಿದ ಸಂಸ್ಥೆಗಳಿಗೆಲ್ಲ ಹಬ್ಬಿತು ಎಂಬುದು ನಮಗೆ ಮಾತ್ರ ಗೊತ್ತಿರಲಿಲ್ಲ.

ಖಾನಾಪುರದ ಶಾಲೆಯಿಂದ ಮಾತ್ರ ಪ್ರತಿ ವರ್ಷ ಎಲ್ಲ ಮಕ್ಕಳೂ ಯಂತ್ರ ಹಾಕಿಕೊಂಡಿದ್ದಾರೆ ಎಂದೇ ಉತ್ತರ ಬರುತ್ತಿತ್ತು. ಜೊತೆಗೆ ಫೋಟೋ. ನಮ್ಮ ಕೆಲಸಗಳಲ್ಲೆಲ್ಲ ಇದೇ ಉತ್ತಮವೆಂದು ವಿನಾಯಕ ಸರ್ ಅದರ ಮೇಲೆ ಒಂದು ಸಣ್ಣ ವಿಡಿಯೋ ಮಾಡಿಸಲು ಹೊರಟರು. ನಾನೂ ಹೋದೆ.

ಭಾಗೂ ಈಗ ಎರಡು ಜಡೆಯ, ಚುರುಕು ಕಣ್ಣಿನ ಹುಡುಗಿಯಾಗಿದ್ದಳು. ನಾನು ಹೋದಾಗಲೆಲ್ಲ ನನ್ನ ಸೆರಗು ಬಿಡುತ್ತಿರಲಿಲ್ಲ. ಅವಳನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ವಿನಾಯಕ ಸರ್ ಪ್ರಶ್ನೆ ಕೇಳಿದರು. ಅವಳು ಬಾಯಾರ ಮುಖ ನೋಡಿದಳು. ಬಾಯಾರು ಬೆರಳಿನಿಂದ ಏನೋ ಸನ್ನೆ ಮಾಡಿದರು. ಹುಡುಗಿ ಕಲಿಸಿದ ಪದ್ಯ ಒಪ್ಪಿಸಿದಂತೆ ತೊದಲುತ್ತಾ, ಚೆನ್ನಾಗಿ ಕೇಳಿಸುತ್ತದೆ ಎಂದು ಹೇಳಿದಳು. ಚಪ್ಪಾಳೆಯಾಯಿತು. ಕ್ಯಾಮೆರಾ ಬಂದ್ ಮಾಡಿದರು.

ಭಾಗೂ ನೇರ ನನ್ನ ಹತ್ತಿರ ಓಡಿಬಂದಳು. ನನಗೇನೋ ತೋರಿಸಬೇಕೆಂಬ ಉತ್ಸಾಹ. ಕಿವಿಯಿಂದ ಯಂತ್ರ ತೆಗೆದು, ಬ್ಯಾಟರಿ ಇಡುವ ಪುಟ್ಟ ಬಾಗಿಲನ್ನು ಉಗುರಿನಿಂದ ತೆರೆದು, ನನ್ನ ಅಂಗೈ ಮೇಲೆ ಬೋರಲು ಹಾಕಿ ತಟ್ಟಿದಳು. ಒಂದು ಗುಲಗಂಜಿ ಬಿತ್ತು. ಕೆಂಪಗೆ, ತಲೆಯ ಮೇಲೆ ಕಪ್ಪು ಚುಕ್ಕೆ. ಕಾಡಿನಿಂದ ಆರಿಸಿ ತಂದದ್ದನ್ನು ಕಳೆಯದ ಜಾಗದಲ್ಲಿ ಇಟ್ಟುಕೊಂಡಿದ್ದಳು. ಅದು ನನಗೆ ಕೊಡಲೆಂದು.

ನಾನು ಗುಲಗಂಜಿಯನ್ನೇ ನೋಡುತ್ತಿದ್ದೆ. ವಿನಾಯಕ ಸರ್ ನನ್ನ ಭುಜದ ಮೇಲಿಂದ ನೋಡುತ್ತಿದ್ದರು. ಅವರು ಪಕ್ಕದ ಹುಡುಗನ ಕಿವಿಯಿಂದ ಯಂತ್ರ ತೆಗೆದು ತೆರೆದರು. ಬರಿದು. ಇನ್ನೊಬ್ಬಳದು ತೆರೆದರು. ಅದೂ ಬರಿದು. ಸಾಲು ಮುಗಿಯುವವರೆಗೂ ತೆರೆಯುತ್ತಲೇ ಹೋದರು. ಮಕ್ಕಳು ಇದೊಂದು ಹೊಸ ಆಟವೆಂದು ನಗುತ್ತಿದ್ದರು. ಬಾಯಾರು ಮೆಟ್ಟಿಲ ಮೇಲೆ ಕೂತರು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು ವಿನಾಯಕ ಸರ್. ಮೊದಲ ಕೆಲವು ತಿಂಗಳು ಬ್ಯಾಟರಿ ಇತ್ತು, ಆಮೇಲೆ ಸ್ವಲ್ಪ ಕಾಲ ಶಿಕ್ಷಕಿಯರೇ ಕೈಯಿಂದ ತಂದು ಹಾಕಿದರು, ಆಮೇಲೆ ಆಗಲಿಲ್ಲ ಎಂದರು ಬಾಯಾರು. ಅಚ್ಚುಗಳೂ ಸಣ್ಣವಾಗಿ ಕಿವಿ ಹುಣ್ಣಾಗುತ್ತಿದ್ದವಂತೆ. ಹಾಗಾದರೆ ನೀವು ಪ್ರತಿ ವರ್ಷ ಬರೆದು ಕಳಿಸಿದ್ದು ಸುಳ್ಳೇ ಎಂದು ವಿನಾಯಕ ಸರ್ ಕೇಳಿದರು.

ಬಾಯಾರು ತಲೆ ಎತ್ತಿದರು. "ಸುಳ್ಳ ಬರದಿಲ್ರಿ ಸರ್. ಎಷ್ಟ ಹುಡ್ರು ಮಷೀನ್ ಹಾಕ್ಕೊಂಡಾರಂತ ಕೇಳತಿದ್ರಿ. ಹಾಕ್ಕೊಂಡಿದ್ರು. ಅವರಿಗಿ ಕೇಳಸ್ತೈತೋ ಇಲ್ಲೋ ಅಂತ ನೀವು ಒಮ್ಮಿನೂ ಕೇಳಿಲ್ಲ."

ನಮ್ಮ ಅಷ್ಟೊಂದು ಪ್ರಶ್ನೆಗಳಲ್ಲಿ ಆ ಒಂದು ಪ್ರಶ್ನೆ ನಿಜವಾಗಿಯೂ ಇರಲಿಲ್ಲ.

ನಮಗೆ ಹೇಳಬಹುದಿತ್ತಲ್ಲ ಬಾಯಾರೆ ಎಂದೆ ನಾನು. ಹೊಲಿಗೆ ಕೇಂದ್ರದವರು ಹೇಳಿ ಏನಾಯಿತು ಎಂದು ಅವರು ತಿರುಗಿ ಕೇಳಿದರು. ಯಂತ್ರದ ಜೊತೆ ಕಂಪನಿ ಮಕ್ಕಳ ಊಟಕ್ಕೂ ಒಂದಿಷ್ಟು ಕೊಡುತ್ತಿತ್ತು. ಯಂತ್ರ ಸತ್ತಿದೆ ಎಂದರೆ ಊಟವೂ ನಿಂತೀತು ಎಂಬ ಹೆದರಿಕೆ ಅವರಿಗೆ.

ವಿನಾಯಕ ಸರ್ ಸಿಟ್ಟು ಮಾಡಿಕೊಂಡು ಹಿಂದಿರುಗುತ್ತಾರೆಂದು ನಾನು ಎಣಿಸಿದ್ದೆ. ಅವರು, ಮಕ್ಕಳ ತಂದೆತಾಯಿಗೆ ಇದು ಗೊತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದರು ಬಾಯಾರು. ತಂದೆತಾಯಿಯ ಬಾಯಿಂದ ಸುದ್ದಿ ಹೊರಗೆ ಬಿದ್ದೀತೆಂದು ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಒಬ್ಬರನ್ನಾದರೂ ಇವತ್ತೇ ಕಾಣಬೇಕು ಎಂದು ವಿನಾಯಕ ಸರ್ ಹಟ ಹಿಡಿದರು. ಭಾಗೂವಿನ ಗೌಳಿವಾಡ ಹತ್ತಿರವಿತ್ತು. ನಾವು ಮೂವರೂ ಜೀಪಿನಲ್ಲಿ ಹೊರಟೆವು.

ಭಾಗೂವಿನ ತಂದೆ ವಿಠೂ ಎಮ್ಮೆ ಸಾಕುವವರು. ಕಂಪನಿಯವರು ಬಂದಿದ್ದಾರೆಂದು ತಿಳಿದು ಕಂಬಳಿ ಹಾಸಿ, ಹಾಲು ಕಾಸಿ ಕೊಟ್ಟರು. ದೊಡ್ಡವರು ನನ್ನ ಮಗಳಿಗೆ ಕಿವಿ ಕೊಟ್ಟಿರಿ ಎಂದು ಮತ್ತೆ ಮತ್ತೆ ಕೈಮುಗಿದರು. ಬಾಯಾರು ಮರಾಠಿಯಲ್ಲಿ ತಡವರಿಸುತ್ತಾ ಇದ್ದ ವಿಷಯ ಹೇಳಿದರು. ಬಹಳ ದಿನದಿಂದ ಆ ಯಂತ್ರದಲ್ಲಿ ಜೀವವಿಲ್ಲ, ಹುಡುಗಿಗೆ ಏನೂ ಕೇಳಿಸುತ್ತಿರಲಿಲ್ಲ. ವಿಠೂ ಅರ್ಥವಾಗದವರಂತೆ ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ನಮಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು.

"ಸಾಲಿ ಸೂಟಿ ಇದ್ದಾಗ ಮನಿಗಿ ಬರತಿದ್ಳು. ಕಿವ್ಯಾಗ ಮಷೀನ್ ಇರತಿತ್ತು. ಕರದ್ರ ತಿರಗಿ ನೋಡತಿರಲಿಲ್ಲ. ಮಷೀನ್ ಇದ್ದೂ ನನ್ನ ಮಾತು ಕೇಳಾಕ ಒಲ್ಲಳು, ಸೊಕ್ಕು ಬಂದೈತಿ ಅಂತ ತಿಳದ್ನಿ. ಬಡದೀನ್ರಿ ಅಕಿನ್ನ. ಭಾಳ ಬಡದೀನಿ."

ಕೈಯಲ್ಲಿದ್ದ ಹಾಲಿನ ಲೋಟವನ್ನು ಕೆಳಗಿಡಬೇಕೆಂಬುದೂ ನನಗೆ ತೋಚಲಿಲ್ಲ. ನಾವು ಕೊಟ್ಟ ವಸ್ತುವಿಗಾಗಿ ಒಂದು ಮಗು ಪೆಟ್ಟು ತಿಂದಿತ್ತು. ಯಂತ್ರ ಇರದೇ ಹೋಗಿದ್ದರೆ ಆಕೆ ಕಿವುಡಿ ಎಂದು ತಂದೆ ಕರುಣೆಯಿಂದಾದರೂ ಇರುತ್ತಿದ್ದರು. ಬಾಯಾರು ಈ ಮಾತನ್ನು ಮೊದಲ ಸಲ ಕೇಳುತ್ತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರು.

ವಿಷಯ ದೊಡ್ಡ ಸಾಹೇಬರವರೆಗೆ ಹೋಯಿತು. ಹಣಕಾಸಿನ ಅಧಿಕಾರಿಗಳು ಇದು ಫಸವಣೂಕ, ಶುದ್ಧ ಮೋಸ, ಶಾಲೆಯನ್ನು ಕೈಬಿಟ್ಟು ಪೊಲೀಸರಿಗೆ ತಿಳಿಸಬೇಕು ಎಂದರು. ಬಾಯಾರನ್ನು ಬೆಳಗಾವಿಗೆ ಕರೆಸಿದರು. ಅವರು ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ಸಭೆಯಲ್ಲಿ ಅವರು ಮತ್ತು ಮೂಲೆಯಲ್ಲಿ ಕೂತ ನನ್ನ ಹೊರತು ಬೇರೆ ಹೆಂಗಸರಿರಲಿಲ್ಲ.

ಏಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗ ಬಾಯಾರು ಯಾವ ನೆಪವನ್ನೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಟೇಬಲ್ಲಿನ ನಡುವೆ ಇಟ್ಟರು. ತುಂಬ ಶ್ರವಣಯಂತ್ರಗಳು.

"ಬ್ಯಾಟರಿ ಇಲ್ಲದ ಮಷೀನ್ ಅಂದ್ರ ಕಿವಿಗಿ ಬೂಚ ಜಡದಂಗ್ರಿ ಸಾಹೇಬ್ರ," ಎಂದರು. "ಅಷ್ಟಿಷ್ಟು ಕೇಳಸೂದೂ ಕೇಳಸೂದಿಲ್ಲ. ನನಗ ಅದು ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಫೋಟೋ ಸಲುವಾಗಿ ಹಾಕಸ್ತಿದ್ನಿ. ಆ ಪಾಪ ನಂದು. ಇನ್ನ ಹಾಕಸೂದಿಲ್ಲ. ಇವನ್ನ ತಗೋರಿ. ನಿಮ್ಮ ಸಹಾಯ ನಮಗ ಬ್ಯಾಡ."

ನಾನು ಆ ವಿಭಾಗದಲ್ಲಿ ಅಷ್ಟು ವರ್ಷ ಇದ್ದು, ಕೊಟ್ಟದ್ದನ್ನು ಬೇಡವೆಂದವರನ್ನು ನೋಡಿದ್ದು ಅದೊಂದೇ ಸಲ. ಶಿಕ್ಷೆಯ ವಿಷಯ ಚರ್ಚಿಸಲು ಕೂತಿದ್ದವರು ಮುಖ ಮುಖ ನೋಡಿಕೊಂಡರು. ಕೈಬಿಡುವವರು ನಾವು ಎಂದುಕೊಂಡಿದ್ದೆವು.

ದೊಡ್ಡ ಸಾಹೇಬರು ಒಂದು ಯಂತ್ರ ಎತ್ತಿಕೊಂಡರು. ಅದರ ತುದಿಯಲ್ಲಿದ್ದ ಅಚ್ಚನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಅಚ್ಚುಗಳಲ್ಲೇ ಆಯುಷ್ಯ ಕಳೆದ ಮನುಷ್ಯ. ಇದು ಯಾವ ವಯಸ್ಸಿನ ಕಿವಿಯದು ಎಂದು ಕೇಳಿದರು. ಮಗು ಸಣ್ಣದಿದ್ದಾಗ ತೆಗೆದದ್ದು, ಆಮೇಲೆ ಬದಲಿಸಿಲ್ಲ ಎಂದರು ಬಾಯಾರು. ಬದಲಿಸಬೇಕೆಂದು ನಮಗೆ ಯಾರೂ ಹೇಳಲಿಲ್ಲವೇ ಎಂದು ಸಾಹೇಬರು ಸುತ್ತ ನೋಡಿದರು. ಮೊದಲ ದಿನವೇ ಹೇಳಿದ್ದರು ಸರ್ ಎಂದು ಮೂಲೆಯಿಂದ ನಾನೇ ಹೇಳಿದೆ. ಬ್ಯಾಟರಿ, ಅಚ್ಚು, ಶಿಕ್ಷಕಿ ಮೂರನ್ನೂ ಕೇಳಿದ್ದರು, ನಾವು ಬಿಟ್ಟೆವು. ಮಕ್ಕಳು ಅಂದು ಬ್ಯಾಂಡಿಗೆ ಹೆದರಿ ಅತ್ತದ್ದನ್ನೂ, ಗೌಳಿವಾಡದಲ್ಲಿ ಕೇಳಿ ಬಂದದ್ದನ್ನೂ ಹೇಳಿದೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಆಗಲಿಲ್ಲ.

ದೊಡ್ಡ ಸಾಹೇಬರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಅವತ್ತ ಖುಷಿಗಿ ಅಳತಾರಂತ ಹೇಳಿದ್ರಲ್ಲ," ಎಂದರು ಮೆಲ್ಲಗೆ. ಎದ್ದು ಹೊರಟೇಹೋದರು. ಸಭೆ ಏನೂ ತೀರ್ಮಾನವಾಗದೆ ಮುಗಿಯಿತು.

ಬಹಳ ದಿನ ಮೇಲಿನಿಂದ ಸುದ್ದಿಯಿಲ್ಲ. ನನ್ನ ಕೆಲಸ ಹೋಯಿತೆಂದೇ ಮನೆಯಲ್ಲಿ ಹೇಳಿದ್ದೆ. ಆಮೇಲೆ ಒಂದು ದಿನ ವಿನಾಯಕ ಸರ್ ಬಂದು, ಮೂರೂ ಬೇಡಿಕೆಗೆ ಒಪ್ಪಿಗೆಯಾಗಿದೆ, ಫೋಟೋ ಇಲ್ಲ, ಫಲಕವಿಲ್ಲ, ಯಾರೂ ಭಾಷಣಕ್ಕೆ ಹೋಗಕೂಡದು ಎಂದು ದೊಡ್ಡ ಸಾಹೇಬರು ಹೇಳಿದ್ದಾರೆ ಎಂದರು. ಬಾಯಾರು ಕೂಡಲೇ ಒಪ್ಪಲಿಲ್ಲ. ನಾವಿಬ್ಬರೂ ಖಾನಾಪುರಕ್ಕೆ ಹೋಗಿ ಅವರ ಅಡಿಗೆಮನೆಯಲ್ಲಿ ಕೂತು ಕೇಳಿಕೊಂಡೆವು. ಕೊಡುವವರು ಬೇಡಿಕೊಳ್ಳುವುದು ಹೇಗಿರುತ್ತದೆಂದು ನನಗೆ ಅವತ್ತು ತಿಳಿಯಿತು. ಅವರು ಒಂದು ಮಾತಿನ ಮೇಲೆ ಒಪ್ಪಿದರು: ಕೆಟ್ಟ ಸುದ್ದಿ ಹೇಳಿದಾಗ ಕೈಬಿಡಬಾರದು.

ಮಕ್ಕಳಿಗೆ ಮತ್ತೆ ಯಂತ್ರ ಕೂಡಿಸಿದ ಕೆಲವೇ ದಿನಗಳಲ್ಲಿ ಅವರ ಫೋನು ಬಂತು. ಇಬ್ಬರು ಮಕ್ಕಳ ಯಂತ್ರಗಳು ಬಂದ್ ಬಿದ್ದಿವೆ, ಒಬ್ಬ ಹುಡುಗ ತನ್ನದನ್ನು ಬಾವಿಗೆ ಹಾಕಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ನನ್ನ ಉತ್ತರಕ್ಕೆ ಹೆದರಿ ಸುಮ್ಮನಾದರು. ಹೊಸದು ಕಳಿಸುತ್ತೇವೆ ಬಾಯಾರೆ, ಹುಡುಗನಿಗೆ ಬಯ್ಯಬೇಡಿ ಎಂದೆ. ಅಷ್ಟು ವರ್ಷದಲ್ಲಿ ಆ ಶಾಲೆಯಿಂದ ನಮಗೆ ಬಂದ ಮೊದಲ ನಿಜವಾದ ವರದಿ ಅದು. ಮಕ್ಕಳೇ, ಸಂಬಂಧ ಎಂದರೆ ನನಗೆ ಗೊತ್ತಿರುವುದು ಇಷ್ಟೇ. ನಿಮ್ಮಿಂದ ಪಡೆದವರು ನಿಮಗೆ ಕೆಟ್ಟ ಸುದ್ದಿ ಹೇಳಲು ಹೆದರುತ್ತಿದ್ದರೆ ನಿಮ್ಮ ಅಂಕಿಗಳನ್ನೆಲ್ಲ ಒಲೆಗೆ ಹಾಕಿ.

ಅದಕ್ಕೂ ಮೊದಲು ಮಕ್ಕಳ ಕಿವಿಗೆ ಹೊಸ ಅಚ್ಚು ತೆಗೆಸಲು ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಕರೆತಂದಿದ್ದೆವು. ಕಳೆದುಹೋದ ವರ್ಷಗಳ ಮಾತು ಪೂರ್ತಿ ಮರಳುವುದು ಕಷ್ಟ ಎಂದು ಅಲ್ಲಿಯ ತಜ್ಞೆ ಮುಚ್ಚುಮರೆಯಿಲ್ಲದೆ ಹೇಳಿದರು. ಯಂತ್ರ ಕೂಡಿಸಲು ಅವರು ಶಾಲೆಗೇ ಬಂದ ದಿನ ವಿಠೂ ಕೂಡ ಇದ್ದರು. ಭಾಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪರಿಚಿತ ದನಿಯಿಂದ ಆರಂಭಿಸೋಣ, ಹಿಂದಿನಿಂದ ಹೆಸರು ಹಿಡಿದು ಕರೆಯಿರಿ ಎಂದು ತಜ್ಞೆ ತಂದೆಗೆ ಹೇಳಿದರು. ವಿಠೂ ಕಾಡಿನಲ್ಲಿ ಕರೆಯುವ ರೂಢಿಯ ಗಟ್ಟಿದನಿಯಲ್ಲಿ ಕರೆದರು.

"ಭಾಗೂ!"

ಹುಡುಗಿಗೆ ಕೇಳಿಸಿತು. ಸರ್ರನೆ ತಿರುಗಿದಳು. ತಂದೆಯನ್ನು ಕಂಡದ್ದೇ, ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು.

ವಿಠೂ ಹತ್ತಿರ ಹೋಗಲಿಲ್ಲ. ನಿಂತಲ್ಲೇ ನೆಲದ ಮೇಲೆ ಕೂತು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆ ತಗ್ಗಿಸಿದರು. ಆಮೇಲೆ ಬಾಯಾರ ಕಡೆ ತಿರುಗಿ, ಮಗಳನ್ನು ಕರೆಯುವ ಸನ್ನೆ ಹೇಗೆ ಮಾಡಬೇಕೆಂದು ಕೇಳಿದರು. ಬಾಯಾರು ತೋರಿಸಿದರು. ಅವರು ಹಾಲು ಹಿಂಡಿ ಗಡುಸಾದ ಬೆರಳುಗಳನ್ನು ಮಡಿಸಿ, ಬಿಡಿಸಿ, ಮಗಳಿಗೆ ಆ ಸನ್ನೆ ಮಾಡಿದರು. ತಪ್ಪಾಯಿತು. ಮತ್ತೆ ಮಾಡಿದರು, ಮತ್ತೆ ತಪ್ಪಾಯಿತು.

ಭಾ‌ಗೂ ಮೊಣಕೈ ಇಳಿಸಿ ನೋಡುತ್ತಿದ್ದಳು. ತಂದೆ ಮೂರನೆಯ ಸಲವೂ ತಪ್ಪು ಮಾಡಿದಾಗ ಕುರ್ಚಿಯಿಂದಿಳಿದು ಬಂದು, ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಆ ಬೆರಳುಗಳನ್ನು ಒಂದೊಂದಾಗಿ ಸರಿಯಾಗಿ ಮಡಿಸಿಕೊಟ್ಟಳು.